ಖರ್ಜೂರದ ಮರದ ಕೆಳಗೆ ಕೂತ ಹೆಂಗಸು: ರೋಮಿನ ಕಂಚಿನ ನಾಣ್ಯಗಳು

ಎಲ್ಲರಿಗೂ ನಮಸ್ಕಾರ.

ಕ್ರಿಕೆಟ್ ಶುರುವಾಗುವ ಮೊದಲು ನಾಣ್ಯ ಚಿಮ್ಮಿಸಿ 'ಹೆಡ್ಸಾ, ಟೇಲ್ಸಾ?' ಅಂತ ಕೇಳುತ್ತೇವೆ, ಅಲ್ವಾ? ರೋಮಿನ ಹುಡುಗರು 'ತಲೆಯಾ, ಹಡಗಾ?' ಎಂದು ಕೂಗುತ್ತಿದ್ದರು. ಕ್ರಿ.ಶ. 5ನೇ ಶತಮಾನದ ಲೇಖಕನೊಬ್ಬ ಇದನ್ನು ಬರೆದಿಟ್ಟಿದ್ದಾನೆ. ಆ ಹೊತ್ತಿಗೆ ನಾಣ್ಯದ ಮೇಲೆ ಹಡಗು ಇಲ್ಲದೆ ನೂರಾರು ವರ್ಷಗಳಾಗಿದ್ದವು. ಮಕ್ಕಳ ಬಾಯಲ್ಲಿ ಮಾತ್ರ ಉಳಿದಿತ್ತು.

ಆ ಹಡಗು ಇದ್ದದ್ದು 'ಆಸ್' ಎಂಬ ಕಂಚಿನ ನಾಣ್ಯದ ಮೇಲೆ. ಒಂದು ಕಡೆ ಎರಡು ಮುಖದ ದೇವರು ಜಾನಸ್, ಇನ್ನೊಂದು ಕಡೆ ಯುದ್ಧದ ಹಡಗಿನ ಮೂತಿ. ಕ್ರಿ.ಪೂ. 225ರ ಸುಮಾರಿಗೆ ಇದು ಅಚ್ಚಿಗೆ ಸುರಿದು ಎರಕ ಹೊಯ್ದ ನಾಣ್ಯ. ಅಂಗೈ ತುಂಬುವಷ್ಟು ದೊಡ್ಡದು, ಕಾಲು ಕೆಜಿಗಿಂತಲೂ ಜಾಸ್ತಿ ತೂಕ! ಆಮೇಲೆ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಜೊತೆ ಯುದ್ಧ ಬಂತು, ಖಜಾನೆ ಬರಿದಾಯಿತು. ಕ್ರಿ.ಪೂ. 211ರ ಹೊತ್ತಿಗೆ ಅದೇ ಆಸ್ ಸುಮಾರು 55 ಗ್ರಾಂಗೆ ಇಳಿಯಿತು.

ಚಿಲ್ಲರೆಯ ಮೇಲೆ ಬೆಲೆಯನ್ನು ಚುಕ್ಕಿಯಲ್ಲಿ ತೋರಿಸುತ್ತಿದ್ದರು. ಕಾಲು ಆಸ್‌ಗೆ ಮೂರು ಚುಕ್ಕಿ, ಜೊತೆಗೆ ಸಿಂಹದ ತೊಗಲು ಹೊದ್ದ ಹರ್ಕ್ಯುಲಿಸ್. ಓದು ಬಾರದವರೂ ಎಣಿಸಿಕೊಳ್ಳಬಹುದಿತ್ತು. ಮುಂದೆ ಸಾರ್ವಜನಿಕ ಸ್ನಾನದ ಮನೆಗೆ ಕೊಡುತ್ತಿದ್ದದ್ದು ಈ ಕಾಲು ಆಸನ್ನೇ.

ನಮ್ಮ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. ಅವು ಬೆಳ್ಳಿಯವು. ದೂರದ ವ್ಯಾಪಾರಕ್ಕೆ ಬೆಳ್ಳಿ, ಬಂಗಾರವೇ ಬೇಕು. ಕಂಚು, ತಾಮ್ರ, ಹಿತ್ತಾಳೆ ರೋಮಿನ ಬೀದಿಯ ದುಡ್ಡು. ಅದಕ್ಕೇ ನನಗೆ ಅವುಗಳ ಮೇಲೆ ಪ್ರೀತಿ ಜಾಸ್ತಿ. ದೊರೆ ತನ್ನ ಜನಕ್ಕೆ ಏನು ಹೇಳಬೇಕೆಂದಿದ್ದನೋ ಅದು ಅಲ್ಲಿದೆ.

ಒಂದನ್ನು ಹತ್ತಿರದಿಂದ ನೋಡೋಣ. ಇದು 'ಸೆಸ್ಟರ್ಶಿಯಸ್', ಅಂದರೆ ನಾಲ್ಕು ಆಸ್. ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದಿಂದ ಇದನ್ನು ಹಿತ್ತಾಳೆಯಲ್ಲಿ ಮಾಡುತ್ತಿದ್ದರು. ಹೊಸದಾಗಿದ್ದಾಗ ಬಂಗಾರದ ಹಾಗೆ ಹೊಳೆಯುತ್ತಿತ್ತು. ಕ್ರಿ.ಶ. 70ರಲ್ಲಿ ಯಹೂದಿಗಳ ಜೆರುಸಲೇಮ್ ರೋಮನ್ನರ ಕೈಗೆ ಬಿತ್ತು. ಮರುವರ್ಷವೇ ರೋಮಿನ ಚಕ್ರವರ್ತಿ ವೆಸ್ಪಾಸಿಯನ್ ಇದನ್ನು ಹೊರಡಿಸಿದ. ನಡುವೆ ಖರ್ಜೂರದ ಮರ. ಎಡಗಡೆ ಈಟಿ ಹಿಡಿದು ನಿಂತ ಚಕ್ರವರ್ತಿ. ಬಲಗಡೆ ಕೂತ ಹೆಂಗಸು, ತಲೆ ತಗ್ಗಿಸಿ, ಕೆನ್ನೆಗೆ ಕೈ ಕೊಟ್ಟಿದ್ದಾಳೆ. ಸುತ್ತ 'ಜುಡೇಯಾ ಸೆರೆಯಾಯಿತು' ಎಂಬ ಎರಡು ಲ್ಯಾಟಿನ್ ಪದ. ಜುಡೇಯಾ ಅಂದರೆ ಯಹೂದಿಗಳ ನಾಡು. ಅಷ್ಟೇ.

ಗೆದ್ದವನ ನಾಣ್ಯ ಇದು, ನಿಜ. ಆದರೂ ನನ್ನ ಕಣ್ಣು ಪ್ರತಿ ಸಲ ಅವಳ ಬಾಗಿದ ಬೆನ್ನಿನ ಮೇಲೇ ನಿಲ್ಲುತ್ತದೆ. ಅಚ್ಚು ಕೊರೆದ ಅಕ್ಕಸಾಲಿಯ ಹೆಸರು ನಮಗೆ ಗೊತ್ತಿಲ್ಲ. ಮೂರೂವರೆ ಸೆಂಟಿಮೀಟರ್ ಲೋಹದ ಬಿಲ್ಲೆಯಲ್ಲಿ ಒಂದು ಜನಾಂಗದ ಅಳುವನ್ನು ಅವನು ಹಿಡಿದಿಟ್ಟ.

1958ರಲ್ಲಿ ಇಸ್ರೇಲ್ ತನ್ನ ಹತ್ತನೇ ವರ್ಷಕ್ಕೆ ಒಂದು ಪದಕ ಹೊರಡಿಸಿತು. ಅದರ ಒಂದು ಬದಿಯಲ್ಲಿ ಈ ಹಳೆಯ ಚಿತ್ರವೇ ಇದೆ. ತಿರುಗಿಸಿದರೆ, ಹೆಂಗಸು ಎದ್ದು ನಿಂತಿದ್ದಾಳೆ, ಕೈಯಲ್ಲಿ ಮಗುವನ್ನು ಮೇಲೆತ್ತಿ ಹಿಡಿದಿದ್ದಾಳೆ.