ನಾಯಿಮರಿಯ ಕಿವಿಯೊಳಗಿನ ತಿರುವು

ಕೇಳುಗರಿಗೆ ನಮಸ್ಕಾರ.

ನಾಯಿಮರಿ ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಅದರ ಕಿವಿಯೂ ಮುಚ್ಚಿಯೇ ಇರುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ. ಹುಟ್ಟಿ ಸುಮಾರು 14 ದಿನಗಳಾಗುವ ಹೊತ್ತಿಗೆ ಕಿವಿಯ ರಂಧ್ರ ಮೆಲ್ಲಗೆ ತೆರೆದುಕೊಳ್ಳತೊಡಗುತ್ತದೆ. ಆಮೇಲಷ್ಟೇ ಮರಿ ಸದ್ದಿಗೆ ಬೆಚ್ಚುವುದು, ತಲೆಯೆತ್ತಿ ಆಲಿಸುವುದು. 8 ವಾರದ ಮರಿಯೊಂದು ನಮ್ಮ ಮಡಿಲಿಗೆ ಬಂದಾಗ ಅದರ ಕಿವಿಯೊಳಕ್ಕೆ ಗಾಳಿ ಹೊಕ್ಕು ಸುಮಾರು ಒಂದೂವರೆ ತಿಂಗಳಾಗಿರುತ್ತದೆ, ಅಷ್ಟೆ. ಅಂತಹ ಎಳೆಯ ಕಿವಿಯ ಆರೈಕೆಯಲ್ಲಿ ನಾವು ಮಾಡದೆ ಬಿಡುವ ತಪ್ಪುಗಳಿಗಿಂತ, ಕಾಳಜಿಯ ಭರದಲ್ಲಿ ಕೈಯಾರೆ ಮಾಡುವ ತಪ್ಪುಗಳೇ ಹೆಚ್ಚು ಎಂಬುದು ನನ್ನ ಅನುಭವ.

ನಾನು ಸಾಕಿದ ಮೊದಲ ಮರಿಗೆ ಜೋಲುಕಿವಿ ಇತ್ತು. ಒಂದು ದಿನ ಕಿವಿಯ ಹಾಲೆಯನ್ನು ಎತ್ತಿ ನೋಡಿದಾಗ ಅಂಚಿನಲ್ಲಿ ತುಸು ಕಂದುಬಣ್ಣದ ಗುಗ್ಗೆ ಕಾಣಿಸಿತು. ಎಲ್ಲರೂ ಬಡ್ಸ್ ಎನ್ನುವ ಹತ್ತಿಕಡ್ಡಿಯನ್ನು ತೆಗೆದುಕೊಂಡು ಅಂದಿನಿಂದ ದಿನವೂ ಸ್ವಚ್ಛ ಮಾಡತೊಡಗಿದೆ. ಕಡ್ಡಿಯ ತುದಿ ಕೊಳೆಯಾಗಿ ಹೊರಬಂದಷ್ಟೂ ನನಗೆ ಹುರುಪು. ಒಂದು ವಾರ ಕಳೆಯುವಷ್ಟರಲ್ಲಿ ಕಿವಿಯ ಒಳಭಾಗ ಕೆಂಪೇರಿತು. ಕಡ್ಡಿಯ ಡಬ್ಬಿ ತೆರೆದ ಸದ್ದು ಕೇಳಿದರೆ ಸಾಕು, ಮರಿ ಮಂಚದಡಿಗೆ ನುಗ್ಗಿ ಕೂರುತ್ತಿತ್ತು. ಪಶುವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ನೀವು ಗುಗ್ಗೆಯನ್ನು ತೆಗೆದಿಲ್ಲ, ಒಳಕ್ಕೆ ತಳ್ಳಿದ್ದೀರಿ," ಎಂದರು.

ತಳ್ಳಿದ್ದು ಎಲ್ಲಿಗೆ ಎಂಬುದು ತಿಳಿಯಬೇಕಾದರೆ ನಾಯಿಯ ಕಿವಿಯ ರಚನೆಯನ್ನು ಅರಿಯಬೇಕು. ನಮ್ಮ ಕಿವಿಯ ನಾಳ ಹೆಚ್ಚುಕಡಿಮೆ ಅಡ್ಡವಾಗಿ, ಗಿಡ್ಡದಾಗಿ ಒಳಗೆ ಹೋಗುತ್ತದೆ. ನಾಯಿಯ ಕಿವಿಯಲ್ಲಿ ನಾಳ ಮೊದಲು ಬಾವಿಯಂತೆ ಕೆಳಕ್ಕಿಳಿದು, ತಳದಲ್ಲಿ ತಿರುವು ಪಡೆದು, ಸುರಂಗದಂತೆ ತಲೆಯ ಒಳಭಾಗದತ್ತ ಸಾಗುತ್ತದೆ. ಆ ಸುರಂಗದ ಕೊನೆಯಲ್ಲಿ ಕಿವಿಯ ತಮಟೆ ಇರುತ್ತದೆ. ಬಾವಿಯ ತಳಕ್ಕೆ ಬಿದ್ದ ನೀರಾಗಲಿ, ಗುಗ್ಗೆಯಾಗಲಿ ತಾನಾಗಿ ಹೊರಬರುವುದು ಕಷ್ಟ. ಆರೋಗ್ಯವಂತ ಕಿವಿಯ ಒಳಚರ್ಮ ಮಾತ್ರ ಬಹಳ ನಿಧಾನವಾಗಿ ಹೊರಮುಖವಾಗಿ ಸರಿಯುತ್ತಾ, ತನ್ನ ಜೊತೆಗೆ ಗುಗ್ಗೆಯನ್ನೂ ಸತ್ತ ಚರ್ಮದ ಪದರನ್ನೂ ನಾಳದ ಬಾಯಿಯ ಬಳಿಗೆ ತಂದು ಬಿಡುತ್ತದೆ. ನಾನು ಹತ್ತಿಕಡ್ಡಿ ಹಾಕಿದ್ದು ಈ ನಡಿಗೆಗೆ ಎದುರಾಗಿ.

ಆದ್ದರಿಂದ ಮೊದಲ ಕೆಲಸ ನೋಡುವುದು ಮತ್ತು ಮೂಸುವುದು. ಮೂಸುವುದೆಂದರೆ ಕೆಲವರು ಮುಖ ಸಿಂಡರಿಸಬಹುದು, ಆದರೆ ಮೂಗಿನಷ್ಟು ಬೇಗ ಸುಳಿವು ಕೊಡುವ ಸಾಧನ ಮನೆಯಲ್ಲಿ ಬೇರೊಂದಿಲ್ಲ. ವಾರಕ್ಕೊಮ್ಮೆ ಹಗಲಿನ ಬೆಳಕಿನಲ್ಲಿ ಎರಡೂ ಹಾಲೆಗಳನ್ನು ಎತ್ತಿ ಒಂದರೊಡನೆ ಒಂದನ್ನು ಹೋಲಿಸಿ ನೋಡಬೇಕು. ಚರ್ಮ ತಿಳಿಗುಲಾಬಿ ಬಣ್ಣದ್ದಾಗಿದ್ದು, ಅಂಚಿನಲ್ಲಿ ಚೂರು ತೆಳುಕಂದು ಗುಗ್ಗೆ ಇದ್ದು, ವಾಸನೆ ಇಲ್ಲವೆನ್ನುವಷ್ಟು ಕಡಿಮೆಯಿದ್ದರೆ ಆ ಕಿವಿಯನ್ನು ಅದರ ಪಾಡಿಗೆ ಬಿಟ್ಟುಬಿಡುವುದೇ ಒಳ್ಳೆಯದು. ಚರ್ಮ ಕೆಂಪಾಗಿ ಬಿಸಿಯಾಗಿದ್ದರೆ, ಹುಳಿ ಕಲೆತ ಮುಗ್ಗಲು ವಾಸನೆ ಬಂದರೆ, ಹಳದಿ ಅಥವಾ ಹಸಿರು ಕೀವು ಕಂಡರೆ, ಮರಿ ಪದೇ ಪದೇ ತಲೆ ಒದರುತ್ತಾ ಹಿಂಗಾಲಿನಿಂದ ಕಿವಿಯನ್ನು ಕೆರೆಯುತ್ತಿದ್ದರೆ, ಅದು ವೈದ್ಯರ ಬಳಿಗೆ ಹೋಗಬೇಕಾದ ಕಿವಿ. ತಲೆ ಒಂದೇ ಬದಿಗೆ ವಾಲಿದ್ದರೆ, ಮರಿ ತೂರಾಡುತ್ತಿದ್ದರೆ ಅಥವಾ ಸುತ್ತು ಸುತ್ತಾಗಿ ನಡೆಯುತ್ತಿದ್ದರೆ ನಾಳೆಗೆ ಎಂದು ಮುಂದೂಡದೆ ಅಂದೇ ಹೋಗಬೇಕು, ಏಕೆಂದರೆ ಅದು ತೊಂದರೆ ತಮಟೆಯನ್ನು ದಾಟಿ ಒಳಕಿವಿಗೆ ಇಳಿದಿರುವ ಲಕ್ಷಣವಾಗಿರಬಹುದು.

ಮರಿಗಳಲ್ಲಿ ವಿಶೇಷವಾಗಿ ಕಾಣುವ ತೊಂದರೆಯೆಂದರೆ ಕಿವಿನುಸಿ. ಓಟೋಡೆಕ್ಟಿಸ್ ಎಂಬ ಈ ಜೀವಿ ಬರಿಗಣ್ಣಿಗೆ ಬಿಳಿಯ ಚುಕ್ಕೆಯಷ್ಟೇ. ಹಲವು ಬಾರಿ ಇದು ತಾಯಿನಾಯಿಯಿಂದಲೇ ಮರಿಗೆ ಹತ್ತಿರುತ್ತದೆ. ಕಿವಿಯೊಳಗೆ ಕಪ್ಪಗೆ, ಕಾಫಿಚರಟದಂತೆ ಪುಡಿಪುಡಿಯಾದ ಕಸ ಸೇರಿಕೊಂಡಿರುವುದು ಇದರ ಗುರುತು. ಆ ಪುಡಿಯನ್ನು ಕಪ್ಪು ಕಾಗದದ ಮೇಲೆ ಉದುರಿಸಿ ಭೂತಕನ್ನಡಿಯಲ್ಲಿ ದಿಟ್ಟಿಸಿದರೆ ಬಿಳಿ ಚುಕ್ಕೆಗಳು ನಿಧಾನವಾಗಿ ಹರಿದಾಡುವುದು ಕಾಣಬಹುದು. ನುಸಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಸುಮಾರು 3 ವಾರ ಬೇಕು. ಎರಡು ದಿನ ಔಷಧ ಹಾಕಿ, ಕೆರೆತ ನಿಂತಿತೆಂದು ಬಿಟ್ಟವರ ಮನೆಯಲ್ಲಿ ಅದು ಮರಳಿ ಬರುವುದಕ್ಕೆ ಇದೇ ಕಾರಣ: ಉಳಿದ ಮೊಟ್ಟೆಗಳು ಆಮೇಲೆ ಒಡೆದಿರುತ್ತವೆ. ಬೆಕ್ಕಿಗೂ ಇದು ಹರಡುವುದರಿಂದ ಮನೆಯಲ್ಲಿರುವ ಎಲ್ಲ ನಾಯಿ ಬೆಕ್ಕುಗಳಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ದನಕರುಗಳಿಗೆಂದು ಮಾರುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನ ಮೇಲೆ ಮರಿಗೆ ಕೊಡುವ ಸಾಹಸ ಮಾತ್ರ ಬೇಡ. ಎಳೆಯ ಮರಿಗಳಿಗೆ ಅದು ಅಪಾಯಕರ, ಕೋಲಿ ಮುಂತಾದ ಕೆಲವು ತಳಿಗಳಲ್ಲಿ ಅನುವಂಶೀಯ ದೋಷವೊಂದರಿಂದಾಗಿ ಪ್ರಾಣಕ್ಕೇ ಎರವಾಗಬಹುದು.

ಇನ್ನು ತೇವದ ಮಾತು. ಕಾಕರ್ ಸ್ಪ್ಯಾನಿಯಲ್, ಬ್ಯಾಸೆಟ್ ಹೌಂಡ್‌ನಂತಹ ಜೋಲುಕಿವಿಯ ತಳಿಗಳಲ್ಲಿ ಹಾಲೆಯೇ ಮುಚ್ಚಳವಾಗಿ ಕೂತು ಗಾಳಿಯಾಡದಂತೆ ಮಾಡುತ್ತದೆ. ಪೂಡಲ್‌ನಲ್ಲಿ ನಾಳದೊಳಗೇ ಕೂದಲು ಒತ್ತಾಗಿ ಬೆಳೆದಿರುತ್ತದೆ. ಬೆಚ್ಚಗಿನ, ಒದ್ದೆಯಾದ ಇಂತಹ ಜಾಗದಲ್ಲಿ, ಕಿವಿಯಲ್ಲಿ ಸಹಜವಾಗಿಯೇ ಅಲ್ಪಸ್ವಲ್ಪ ಇರುವ ಮಲಾಸೇಝಿಯಾ ಎಂಬ ಶಿಲೀಂಧ್ರ ಮಿತಿಮೀರಿ ಬೆಳೆಯುತ್ತದೆ. ಸ್ನಾನ ಮಾಡಿಸುವಾಗ ತಲೆಯ ಮೇಲೆ ನೀರು ಸುರಿಯದೆ, ಮುಖ ಮತ್ತು ಕಿವಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅರ್ಧ ತೊಂದರೆ ಅಲ್ಲಿಗೇ ತಪ್ಪುತ್ತದೆ. ನೀರಿನಲ್ಲಿ ಆಡಿ ಬಂದ ಮರಿಯ ಹಾಲೆಯ ಒಳಬದಿಯನ್ನು ಒಣಬಟ್ಟೆಯಿಂದ ಒತ್ತಿ ತೇವ ಹೀರಿಸಬೇಕು. ನಾಳದೊಳಗಿನ ಕೂದಲನ್ನು ಕಿತ್ತು ತೆಗೆಯುವ ರೂಢಿಯೊಂದಿದೆ. ಕಿವಿಗೆ ತೊಂದರೆಯೇ ಇಲ್ಲದಿದ್ದಾಗ ನಾನಂತೂ ಅದಕ್ಕೆ ಕೈಹಾಕುವುದಿಲ್ಲ, ಕಿತ್ತ ಬುಡದಲ್ಲಿ ಉರಿ ಹುಟ್ಟುತ್ತದೆ.

ಸ್ವಚ್ಛಗೊಳಿಸುವುದು ಅಗತ್ಯವೆಂದು ವೈದ್ಯರೇ ಹೇಳಿದಾಗ ನಾಯಿಯ ಕಿವಿಗೆಂದೇ ತಯಾರಿಸಿದ ದ್ರಾವಣವನ್ನು ಬಳಸಬೇಕು. ಸೀಸೆಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿಕೊಳ್ಳಿ. ತಣ್ಣನೆಯ ದ್ರವ ಕಿವಿಗೆ ಬಿದ್ದ ನೆನಪನ್ನು ಮರಿ ಬೇಗ ಮರೆಯುವುದಿಲ್ಲ. ಹಾಲೆಯನ್ನು ಮೇಲಕ್ಕೆ ಹಿಡಿದು, ಸೀಸೆಯ ಮೂತಿಯನ್ನು ಚರ್ಮಕ್ಕೆ ತಗುಲಿಸದೆ, ನಾಳ ತುಂಬುವಷ್ಟು ದ್ರಾವಣ ಹಾಕಿ, ಕಿವಿಯ ಬುಡವನ್ನು ಹೊರಗಿನಿಂದ ಬೆರಳುಗಳಲ್ಲಿ ಅರ್ಧ ನಿಮಿಷ ಮೆತ್ತಗೆ ಹಿಚುಕಬೇಕು. ಒಳಗೆ ಪಿಚಪಿಚ ಸದ್ದು ಕೇಳಿಸಿದರೆ ದ್ರಾವಣ ತಿರುವನ್ನು ದಾಟಿದೆ ಎಂದು ತಿಳಿಯಿರಿ. ಆಮೇಲೆ ಕೈಬಿಟ್ಟು ಹಿಂದೆ ಸರಿದು ನಿಂತರೆ ಮರಿ ತಾನೇ ತಲೆ ಒದರಿ, ಸಡಿಲಗೊಂಡ ಕೊಳೆಯನ್ನು ಮೇಲಕ್ಕೆ ತರುತ್ತದೆ, ಕೆಲವೊಮ್ಮೆ ನಿಮ್ಮ ಬಟ್ಟೆಯ ಮೇಲಕ್ಕೂ. ಹೊರಬಂದಷ್ಟನ್ನು ಮಾತ್ರ ಬೆರಳಿಗೆ ಸುತ್ತಿದ ಹತ್ತಿಬಟ್ಟೆಯಿಂದ ಒರೆಸಿ. ಬೆರಳು ಎಲ್ಲಿಯವರೆಗೆ ಸಲೀಸಾಗಿ ಹೋಗುತ್ತದೆಯೋ ಅಲ್ಲಿಗೇ ನಮ್ಮ ಅಧಿಕಾರ ಮುಗಿಯಿತು.

ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ವಿನೆಗರ್ ಇವು ಮೊದಲೇ ಕೆಂಪಾದ ಚರ್ಮಕ್ಕೆ ಬೆಂಕಿ ಸೋಕಿದಂತೆ ತಾಗುತ್ತವೆ. ಕಾಯಿಸಿದ ಎಣ್ಣೆ ಬಿಡುವವರೂ ಇದ್ದಾರೆ. ಆ ಜಿಡ್ಡು ತಿರುವಿನಲ್ಲಿ ನಿಂತು ಗುಗ್ಗೆಯೊಡನೆ ಅಂಟಾಗುತ್ತದೆ. ಹಿಂದಿನ ಸಲ ಉಳಿದ ಹನಿಮದ್ದನ್ನು ಮತ್ತೆ ಹಾಕುವುದು ಇವೆಲ್ಲಕ್ಕಿಂತ ಹೆಚ್ಚಿನ ಅಪಾಯ. ತಮಟೆ ಹರಿದಿದ್ದರೆ ಜೆಂಟಾಮೈಸಿನ್‌ನಂತಹ ಔಷಧಗಳು ಒಳಕಿವಿಗೆ ಇಳಿದು, ಕೇಳುವ ಶಕ್ತಿಯನ್ನೂ ಸಮತೋಲನವನ್ನೂ ಕೆಡಿಸಬಲ್ಲವು. ತಮಟೆ ಹೇಗಿದೆ ಎಂಬುದು ಓಟೋಸ್ಕೋಪ್ ಎಂಬ, ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಉಪಕರಣ ಹಿಡಿದು ನೋಡಿದವರಿಗೇ ಗೊತ್ತಾಗುವುದು.

ಚಿಕಿತ್ಸೆ ಮುಗಿದ ಮೇಲೂ ಕಿವಿ ಮತ್ತೆ ಮತ್ತೆ ಕೆಂಪಾಗುತ್ತಿದ್ದರೆ ಮರಿಯ ಪಾದ ಮತ್ತು ಹೊಟ್ಟೆಯ ಕಡೆಗೂ ಕಣ್ಣು ಹಾಯಿಸಿ. ಅಲ್ಲಿಯೂ ನೆಕ್ಕಾಟ, ಕೆಂಪು ಇದ್ದರೆ ಮೂಲ ಕಿವಿಯಲ್ಲಿಲ್ಲ, ಅಲರ್ಜಿಯಲ್ಲಿರಬಹುದು. ಬಹಳ ಕಾಲ ತಲೆ ಒದರಿಸಿಕೊಳ್ಳಲು ಬಿಟ್ಟರೆ ಹಾಲೆಯ ಒಳಗಿನ ಸಣ್ಣ ರಕ್ತನಾಳ ಒಡೆದು, ಇಡೀ ಹಾಲೆ ರಕ್ತ ತುಂಬಿ ದಿಂಬಿನಂತೆ ಊದಿಕೊಳ್ಳುವುದೂ ಉಂಟು.

ಮಂಚದಡಿ ಸೇರುತ್ತಿದ್ದ ನನ್ನ ಮರಿಯನ್ನು ಮರಳಿ ಒಲಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಮೊದಲ ದಿನ ಕಿವಿಯ ತುದಿಯನ್ನು ಕ್ಷಣಮಾತ್ರ ಮುಟ್ಟಿ ಒಂದು ತಿನಿಸು ಕೊಟ್ಟೆ. ಕೆಲವು ದಿನಗಳ ಬಳಿಕ ಹಾಲೆಯನ್ನು ಎತ್ತಿ ಇಳಿಸಿದೆ. ಆಮೇಲೆ ಖಾಲಿ ಸೀಸೆಯನ್ನು ಪಕ್ಕದಲ್ಲಿ ಸುಮ್ಮನೆ ಇಟ್ಟುಕೊಂಡೆ. ಅದು ಹಿಂದೆ ಸರಿದ ದಿನ ನಾನೂ ಕೈ ಹಿಂದೆಗೆದೆ. ಕೊನೆಗೊಂದು ಸಂಜೆ ನಾನು ನೆಲದ ಮೇಲೆ ಕುಳಿತಿದ್ದಾಗ ಬಂದು ತೊಡೆಯ ಮೇಲೆ ತಲೆಯಿಟ್ಟಿತು. ಹಾಲೆ ಮಗುಚಿ ಒಳಗನ್ನು ನೋಡಿದರೂ, ಬಗ್ಗಿ ಮೂಸಿದರೂ ಕಣ್ಣು ತೆರೆಯಲಿಲ್ಲ.

ನಮಸ್ಕಾರ.