ಎರಡೇ ಸಲ ನಡೆದು ನಿಂತುಹೋದ ಕಪ್: ಜಕಾರ್ತಾ 2003

[ದೃಶ್ಯ: ಕಂಠೀರವ ಸ್ಟೇಡಿಯಂ, ನೀಲಿ ಜೆರ್ಸಿಗಳ ಗ್ಯಾಲರಿ]

ನಮಸ್ಕಾರ. ಬೆಂಗಳೂರು ಎಫ್‌ಸಿ ವಿಷಯ ಎತ್ತಿದಾಗಲೆಲ್ಲ ನೀವು ಕೇಳೋ ಪ್ರಶ್ನೆ ಒಂದಿದೆ. 2016ರಲ್ಲಿ ನಮ್ಮವರು ಏಷ್ಯಾದ ಕ್ಲಬ್‌ಗಳು ಆಡೋ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋಗಿ, ದೋಹಾದಲ್ಲಿ ಇರಾಕಿನ ಅಲ್-ಕುವಾ ಅಲ್-ಜವಿಯಾ ಎದುರು 1-0ಯಲ್ಲಿ ಸೋತರಲ್ಲ, ಹಾಗಾದ್ರೆ ನಮ್ಮ ದೇಶದ ಯಾವ ಕ್ಲಬ್ಬೂ ಹೊರಗಡೆ ಹೋಗಿ ಕಪ್ ಗೆದ್ದುಕೊಂಡು ಬಂದಿಲ್ವಾ?

ಬಂದಿದೆ. ನನ್ನ ಲೆಕ್ಕದಲ್ಲಿ ಅವುಗಳಲ್ಲೆಲ್ಲ ದೊಡ್ಡ ಗೆಲುವು 2003ರ ಜುಲೈ 26ರದ್ದು. ಊರು ಜಕಾರ್ತಾ, ಕ್ಲಬ್ಬು ಕೋಲ್ಕತ್ತದ ಈಸ್ಟ್ ಬೆಂಗಾಲ್, ಟೂರ್ನಿ ಆಸಿಯಾನ್ ಕ್ಲಬ್ ಚಾಂಪಿಯನ್‌ಶಿಪ್.

ಮೊದಲು ಹಿನ್ನೆಲೆ, ಬೇಗ ಮುಗಿಸ್ತೀನಿ. ಆಗ್ನೇಯ ಏಷ್ಯಾದ ದೇಶಗಳ ಲೀಗ್‌ಗಳಲ್ಲಿ ಆಡೋ ಕ್ಲಬ್‌ಗಳನ್ನ ಒಂದೇ ಕಡೆ ಸೇರಿಸಿ ಆಡಿಸೋಣ ಅಂತ ಶುರುವಾದ ಟೂರ್ನಿ ಇದು. 12 ತಂಡ, ಮೂರು ಮೂರರ ನಾಲ್ಕು ಗುಂಪು, ಆಮೇಲೆ ಸೋತವರು ಮನೆಗೆ. ಭಾರತ ಆಸಿಯಾನ್ ದೇಶ ಅಲ್ಲ. ಈಸ್ಟ್ ಬೆಂಗಾಲ್ ಹೋಗಿದ್ದು ಆಹ್ವಾನದ ಮೇಲೆ, ಆ ಸೀಸನ್ನಿನ ನ್ಯಾಷನಲ್ ಫುಟ್‌ಬಾಲ್ ಲೀಗ್ ಚಾಂಪಿಯನ್ ಆಗಿ.

"ಆಹ್ವಾನದ ಟೂರ್ನಿ ತಾನೆ, ಅದೇನು ಮಹಾ" ಅಂತ ಇವತ್ತಿಗೂ ಕೆಲವರು ಮೂಗು ಮುರೀತಾರೆ. ನಾನಿದನ್ನ ಒಪ್ಪಲ್ಲ. ಯಾಕಂದ್ರೆ ಎದುರಿಗಿದ್ದದ್ದು ಥಾಯ್ಲೆಂಡಿನ ಬಿಇಸಿ ಟೆರೊ ಸಸಾನ. ಆಗಲೇ ಏಷ್ಯನ್ ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿದ್ದ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ಫೈನಲ್ ಆಡಿ ಯುಎಇಯ ಅಲ್ ಐನ್‌ಗೆ ಮಾತ್ರ ಮಣಿದ ತಂಡ. ಅಂದ್ರೆ ಇಡೀ ಏಷ್ಯಾಕ್ಕೆ ಎರಡನೆಯದು! ಆ ಲೀಗಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡ ಥೆರ್ಡ್‌ಸಾಕ್ ಚೈಮನ್ ಕೂಡ ಇವರವನೇ.

[ದೃಶ್ಯ: ಕೆಂಪು-ಹಳದಿ ಜೆರ್ಸಿ]

ಕೋಚ್ ಸುಭಾಷ್ ಭೌಮಿಕ್ ಮಾಡಿದ ತಯಾರಿ ಕೇಳಿ. ಹುಡುಗರನ್ನ ಕೋಲ್ಕತ್ತದ ಪಂಚತಾರಾ ಹೋಟೆಲಿನಲ್ಲಿ ಇಟ್ಟು ಶಿಬಿರ ನಡೆಸಿದ್ರು. ಆಡಿ ದಣಿದು ಬಂದವರಿಗೆ ಐಸ್ ನೀರಿನ ಸ್ನಾನ, ಜಕೂಜಿ. ಜೊತೆಗೆ ಮೈ ಹುರಿಗೊಳಿಸೋಕೆ ಅಂತಲೇ ಬೇರೆ ಟ್ರೈನರ್. ಇವತ್ತು ಐಎಸ್‌ಎಲ್, ಅಂದ್ರೆ ಇಂಡಿಯನ್ ಸೂಪರ್ ಲೀಗ್ ನೋಡೋರಿಗೆ ಇದರಲ್ಲೇನೂ ವಿಶೇಷ ಕಾಣ್ಸಲ್ಲ. ಆದ್ರೆ 2003ರಲ್ಲಿ ನಮ್ಮ ಕ್ಲಬ್ ಫುಟ್‌ಬಾಲಿಗೆ ಇದು ಹೊಸ ಸಂಗತಿ. ಆಟಗಾರನಿಗೆ ಕಾಲು ಎಷ್ಟು ಮುಖ್ಯವೋ, ಆ ಕಾಲಿಗೆ ಸಿಗೋ ವಿಶ್ರಾಂತಿನೂ ಅಷ್ಟೇ ಮುಖ್ಯ ಅಂತ ಭೌಮಿಕ್ ನಂಬಿದ್ರು.

ಶುರುವಾದದ್ದು ಮಾತ್ರ ಸೋಲಿನಿಂದ, ಅದೂ ಇದೇ ಬಿಇಸಿ ಟೆರೊ ಎದುರು, 0-1. ಮುಂದಿನ ಪಂದ್ಯದಲ್ಲಿ ಫಿಲಿಪೈನ್ ಆರ್ಮಿ ತಂಡದ ಎದುರು 6-0 ಗೆಲುವು. ಆರಕ್ಕೆ ಆರೂ ಬೈಚುಂಗ್ ಭುಟಿಯಾದು.

ಕ್ವಾರ್ಟರ್ ಫೈನಲ್ ಆತಿಥೇಯ ದೇಶದ ಪರ್ಸಿತಾ ತಂಗೆರಾಂಗ್ ಎದುರು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ತೀನಿ.

ಚೆಂಡಿಗಾಗಿ ಎಗರಿದಾಗ ದೇವ್‌ಜಿತ್ ಘೋಷ್ ಎದುರಾಳಿಗೆ ಡಿಕ್ಕಿ ಹೊಡೆದು ಪ್ರಜ್ಞೆ ತಪ್ಪಿ ಬಿದ್ದ. "ನಾಲಿಗೆ ನುಂಗಿಬಿಟ್ಟ" ಅಂತ ಆಮೇಲೆ ಎಲ್ಲರೂ ಹೇಳಿದ್ದು ಇದನ್ನೇ. ನಿಜಕ್ಕೂ ನಾಲಿಗೆಯನ್ನ ಯಾರೂ ನುಂಗೋಕಾಗಲ್ಲ. ಆಗೋದು ಇಷ್ಟು: ಪ್ರಜ್ಞೆ ತಪ್ಪಿದಾಗ ನಾಲಿಗೆಯ ಸ್ನಾಯು ಬಿಗಿ ಕಳ್ಕೊಳ್ಳುತ್ತೆ. ಅಂಗಾತ ಬಿದ್ದಿದ್ರೆ ಅದು ತನ್ನ ಭಾರಕ್ಕೆ ತಾನೇ ಗಂಟಲಿನ ಕಡೆಗೆ ಜಾರುತ್ತೆ. ಬಚ್ಚಲ ತೂಬಿನ ಬಾಯಿಗೆ ಒದ್ದೆ ಬಟ್ಟೆ ಹೋಗಿ ಕೂತ್ರೆ ನೀರು ಹೇಗೆ ನಿಲ್ಲುತ್ತೋ, ಹಾಗೆ ಇಲ್ಲಿ ಉಸಿರು ನಿಲ್ಲುತ್ತೆ. ಹೃದಯ, ಶ್ವಾಸಕೋಶ ಎಲ್ಲ ಗಟ್ಟಿಯಾಗೇ ಇರುತ್ತೆ, ಗಾಳಿ ಒಳಗೆ ಹೋಗೋಕೆ ದಾರಿ ಇರಲ್ಲ. ಮಿದುಳು ಆಮ್ಲಜನಕ ಇಲ್ಲದೆ ತಡೆಯೋದು ಕೆಲವೇ ನಿಮಿಷ.

ತಂಡದ ಡಾಕ್ಟರ್ ಶಾಂತಿರಂಜನ್ ದಾಸ್‌ಗುಪ್ತ ಓಡಿ ಬಂದು ಉಸಿರಿನ ದಾರಿ ಬಿಡಿಸಿದ್ರು. ದೇವ್‌ಜಿತ್ ಬದುಕಿದ.

ಅದಕ್ಕೇ ಈ ಮಾತು ನೀವೂ ನೆನಪಿಟ್ಕೊಳ್ಳಿ. ಪ್ರಜ್ಞೆ ತಪ್ಪಿದವರ ಕೆಳದವಡೆಯನ್ನ ಎರಡೂ ಕಡೆಯಿಂದ ಹಿಡಿದು ಮುಂದಕ್ಕೆ ಎತ್ತಿದ್ರೆ, ಅದಕ್ಕೆ ಅಂಟಿಕೊಂಡಿರೋ ನಾಲಿಗೆನೂ ಜೊತೆಗೇ ಮುಂದಕ್ಕೆ ಬರುತ್ತೆ, ದಾರಿ ತೆರೆಯುತ್ತೆ. ಬಾಯೊಳಗೆ ಬೆರಳು ತೂರಿಸೋ ಸಾಹಸ ಬೇಡ. ಕುತ್ತಿಗೆಗೆ ಪೆಟ್ಟಾಗಿರಬಹುದು ಅನ್ನಿಸಿದ್ರೆ ತಲೆ ತಿರುಗಿಸೋದು, ಹಿಂದಕ್ಕೆ ಬಗ್ಗಿಸೋದು ಬೇಡವೇ ಬೇಡ.

[ದೃಶ್ಯ: ಕಪ್ಪು ಪರದೆ, ಸದ್ದಿಲ್ಲ]

ಮರುವರ್ಷ, 2004ರ ಡಿಸೆಂಬರ್ 5. ಜಾಗ ನಮ್ಮದೇ ಕಂಠೀರವ, ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ತಂಡದ ಬ್ರೆಜಿಲಿಯನ್ ಸ್ಟ್ರೈಕರ್ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆದ ಆ ಕ್ಷಣದಲ್ಲೇ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದ, ಮತ್ತೆ ಏಳಲಿಲ್ಲ. ಅದಕ್ಕೂ ಮುಂಚೆ ಅವನು ಇದೇ ಈಸ್ಟ್ ಬೆಂಗಾಲ್‌ಗೆ ಆಡಿದ್ದವನು. ಅವತ್ತು ಜಕಾರ್ತಾದಲ್ಲಿ ಗೆದ್ದವರ ಪಟ್ಟಿಯಲ್ಲಿ ನಾನು ಡಾಕ್ಟರ್ ಹೆಸರನ್ನ ಗೋಲು ಹೊಡೆದವರ ಪಕ್ಕದಲ್ಲೇ ಯಾಕೆ ಬರೀತೀನಿ ಅನ್ನೋದಕ್ಕೆ ಇದೇ ಕಾರಣ. ಕಂಠೀರವದಲ್ಲಿ ಮ್ಯಾಚಿಗೆ ಹೋದಾಗೆಲ್ಲ ನನ್ನ ಕಣ್ಣು ಮೊದಲು ಹುಡುಕೋದು ಆಂಬ್ಯುಲೆನ್ಸ್ ಎಲ್ಲಿ ನಿಂತಿದೆ ಅಂತ.

ಸಮಯ ಓಡ್ತಿದೆ, ಉಳಿದದ್ದು ಚುಟುಕಾಗಿ. ಪರ್ಸಿತಾ ಎದುರು 2-1 ಗೆಲುವು. ಸೆಮಿಫೈನಲ್‌ನಲ್ಲಿ ಇಂಡೊನೇಷ್ಯಾದ್ದೇ ಆದ ಪೆಟ್ರೊಕಿಮಿಯಾ ಪುತ್ರಾ, ಪಂದ್ಯ 1-1, ಪೆನಾಲ್ಟಿಯಲ್ಲಿ 7-6. ಗೋಲ್ ಕಾಯ್ತಿದ್ದವನು ಸಂದೀಪ್ ನಂದಿ.

ಫೈನಲ್‌ನಲ್ಲಿ ಮತ್ತೆ ಬಿಇಸಿ ಟೆರೊ. ಚೈಮನ್ ಬೆನ್ನು ಬಿಡಬಾರದು ಅನ್ನೋ ಕೆಲಸ ಬಿದ್ದಿದ್ದು ಷಷ್ಠಿ ದುಲೆ ಮೇಲೆ. ನೈಜೀರಿಯಾದ ಮೈಕ್ ಒಕೊರೊ ಮೊದಲ ಗೋಲು, ಬ್ರೇಕ್ ಆದ ಕೂಡ್ಲೆ ಭುಟಿಯಾ ಎರಡನೇದು, ಗೋವಾದ ಆಲ್ವಿಟೊ ಡಿಕುನ್ಹಾ ಮೂರನೇದು. 3-1. ಕಪ್ ಎತ್ತಿದ್ದು ಘಾನಾದ ನಾಯಕ ಸುಲೆ ಮೂಸಾ. 9 ಗೋಲು ಹೊಡೆದ ಭುಟಿಯಾ ಟೂರ್ನಿಗೇ ಮೇಲು. ಅದೇ ವರ್ಷ ಮಲೇಷ್ಯಾದ ಪೆರಾಕ್ ಕ್ಲಬ್ ಅವನನ್ನ ಕೆಲ ಕಾಲಕ್ಕೆ ಎರವಲಾಗಿ ಕರೆಸಿಕೊಳ್ತು. ತಂಡ ಕೋಲ್ಕತ್ತ ವಿಮಾನ ನಿಲ್ದಾಣಕ್ಕೆ ಬಂದಿಳಿದಾಗ ಜನ ಸಾವಿರಗಟ್ಟಲೆ ಮುಗಿಬಿದ್ದಿದ್ರು.

ಟೂರ್ನಿ ಏನಾಯ್ತು? 2005ರಲ್ಲಿ ಬ್ರೂನೈನಲ್ಲಿ ಇನ್ನೊಂದು ಸಲ ನಡೀತು, ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ಗೆದ್ದಿತು, ಅಷ್ಟೇ. ಒಂದು ಕಡೆ ಏಷ್ಯನ್ ಚಾಂಪಿಯನ್ಸ್ ಲೀಗ್, ಇನ್ನೊಂದು ಕಡೆ 2004ರಲ್ಲಿ ಶುರುವಾದ ಎಎಫ್‌ಸಿ ಕಪ್, ಮೇಲೆ ಅವರವರ ದೇಶದ ಲೀಗು. ಕ್ಯಾಲೆಂಡರಿನಲ್ಲಿ ಇದಕ್ಕೆ ಜಾಗ ಎಲ್ಲಿ? ಆಮೇಲೆ ಹೆಚ್ಚುಕಡಿಮೆ 20 ವರ್ಷ ಸದ್ದೇ ಇಲ್ಲ. 2024-25ರಲ್ಲಿ ಮತ್ತೆ ಜೀವ ಬಂತು. ಫೈನಲ್‌ನಲ್ಲಿ ವಿಯೆಟ್ನಾಮಿನ ಹನೋಯ್ ಪೊಲೀಸ್ ತಂಡದ ಎದುರು ಎರಡು ಪಂದ್ಯ ಸೇರಿ 5-5 ಆಗಿ, ಪೆನಾಲ್ಟಿಯಲ್ಲಿ ಥಾಯ್ಲೆಂಡಿನ ಬುರಿರಾಮ್ ಗೆದ್ದಿತು. ಈ ಸಲ ಆಡಿದವರಲ್ಲಿ ನಮ್ಮ ದೇಶದ ಕ್ಲಬ್ ಇರಲಿಲ್ಲ.

ಬೆಂಗಳೂರು ಎಫ್‌ಸಿಯನ್ನ ಆಹ್ವಾನದ ಮೇಲೆ ಅಲ್ಲಿಗೆ ಕಳಿಸಬೇಕು ಅನ್ನೋದು ನನ್ನ ಆಸೆ. 2016ರಲ್ಲಿ ಅವರು ಸೆಮಿಫೈನಲ್‌ನಲ್ಲಿ ಮನೆಗೆ ಕಳಿಸಿದ್ದು ಮಲೇಷ್ಯಾದ ಜೊಹೊರ್ ತಂಡವನ್ನ, ಅದೂ ಹಾಲಿ ಚಾಂಪಿಯನ್ನನ್ನ. ನೀವೇನಂತೀರಿ, ಕೆಳಗೆ ಬರೀರಿ. 2003ರ ಆ ಫೈನಲ್ಲನ್ನ ಟಿವಿಯಲ್ಲಿ ನೋಡಿದವರು ನಿಮ್ಮ ಮನೇಲಿ ಯಾರಾದ್ರೂ ಇದ್ರೆ, ಅವರ ನೆನಪು ಕೇಳಿ ಅದನ್ನೂ ಬರೀರಿ. ಮುಂದಿನ ವಿಡಿಯೋದಲ್ಲಿ ಓದಿ ಹೇಳ್ತೀನಿ.