ಹೊರಡುವ ತೀರ್ಮಾನ ಬಿಸಿಲಿರುವಾಗಲೇ

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಎರಡು ಸಾಲು ಖಾಲಿ ಬಿಟ್ಟು ಹಿಂದೆ ಒತ್ತೊತ್ತಾಗಿ ಕೂತಿರುವ ಬಂಧುಗಳೇ,

ಇವತ್ತಿನ ವಿಷಯ ‘ಚಂಡಮಾರುತ: ನಮ್ಮ ತಯಾರಿ’. ಆಹ್ವಾನ ಪತ್ರಿಕೆ ನೋಡಿದ ಪಕ್ಕದ ತೋಟದವರು ‘ಅಲ್ಲ ಮೇಷ್ಟ್ರೇ, ಎಲ್ಲಿಯ ಕಡಲು, ಎಲ್ಲಿಯ ಮಡಿಕೇರಿ’ ಅಂದರು. ನಾನು ಅವರಿಗೆ ಅವರದೇ ಕಣ ನೆನಪು ಮಾಡಿಕೊಟ್ಟೆ. 2024ರ ನವೆಂಬರ್ 30ಕ್ಕೆ ಫೆಂಗಲ್ ಚಂಡಮಾರುತ ದಡ ಸೇರಿದ್ದು ಪುದುಚೇರಿ ಹತ್ತಿರ. ಎರಡು ಮೂರು ದಿನಕ್ಕೆ ಅದರ ಮಳೆ ಇಲ್ಲಿ. ಕಣದಲ್ಲಿ ಅರೇಬಿಕಾ ಕಾಫಿ ಒಣಗಲಿಕ್ಕೆ ಹರಡಿದ್ದವರೆಲ್ಲ ರಾತ್ರಿ ಟಾರ್ಚ್ ಹಿಡಿದು ಟಾರ್ಪಾಲು ಎಳೆದದ್ದು ಮರೆತುಹೋಯಿತಾ? ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಚಂಡಮಾರುತಕ್ಕೆ ಹೆಸರಿಡುತ್ತಾರೆ. ನೆಲಕ್ಕೆ ಬಂದ ಮೇಲೆ ಗಾಳಿ ಇಳಿಯುತ್ತದೆ, ಟಿವಿಯವರು ಬೇರೆ ಸುದ್ದಿಗೆ ಹೋಗುತ್ತಾರೆ. ನೀರು ಮಾತ್ರ ಮೋಡದಲ್ಲೇ ಇರುತ್ತದಲ್ಲ, ಅದು ಘಟ್ಟಕ್ಕೆ ಬಂದು ಬೀಳುತ್ತದೆ.

2018ರ ಆಗಸ್ಟನ್ನೇ ತಗೊಳ್ಳಿ. ಆ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ, ಒಡಿಶಾ ಕಡೆಗೆ, ಒಂದು ವಾಯುಭಾರ ಕುಸಿತ ಇತ್ತು. ಹೆಸರಿಡುವಷ್ಟು ದೊಡ್ಡದೂ ಅಲ್ಲ. ಅದು ಅಲ್ಲಿಂದ ಎಳೆದದ್ದಕ್ಕೆ ಅರಬ್ಬಿ ಸಮುದ್ರದ ಗಾಳಿ ನಮ್ಮ ಬೆಟ್ಟಗಳಿಗೆ ಬಂದು ಬಡಿಯಿತು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಈ ಊರುಗಳಲ್ಲೆಲ್ಲ ಬೆಟ್ಟ ಜಾರಿತು. ಈ ಸಭೆಗೆ ಅದನ್ನು ವಿವರಿಸುವ ಅಗತ್ಯ ಇಲ್ಲ.

ನಾನು ಹೇಳಲಿಕ್ಕೆ ಬಂದದ್ದು ಒಂದೇ ಮಾತು. ಮನೆ ಬಿಟ್ಟು ಯಾವಾಗ ಹೊರಡಬೇಕು ಅನ್ನೋದನ್ನು ಬಿಸಿಲಿರುವಾಗಲೇ ತೀರ್ಮಾನ ಮಾಡಿ. ಮಳೆ ಹೊಡೆಯುವಾಗ ಕೂತು ಚರ್ಚೆ ಮಾಡಿದರೆ ಮನೆಯಲ್ಲಿ ಯಾರ ಗಂಟಲು ದೊಡ್ಡದೋ ಅವರ ಮಾತು ನಡೆಯುತ್ತದೆ. ಅವರು ಸಾಮಾನ್ಯವಾಗಿ ಹೊರಡುವುದು ಬೇಡ ಅನ್ನುವವರೇ.

ನಮ್ಮ ದೊಡ್ಡಪ್ಪನ ಕತೆ ಹೇಳುತ್ತೇನೆ. ಕೆಲವರು ಕೇಳಿದ್ದೀರಿ, ಇನ್ನೊಂದು ಸಲ ಕೇಳಿ, ನಷ್ಟ ಇಲ್ಲ. ಅವರ ಅಂಗಳದಲ್ಲಿ ಒಂದು ಮಳೆಮಾಪಕ. ಬೆಳಿಗ್ಗೆ ಕಾಫಿಗೆ ಮೊದಲು ಅಳೆದು ಡೈರಿಯಲ್ಲಿ ಬರೆಯಬೇಕು, ಆಮೇಲೆ ಫೋನ್ ಹಿಡಿದು ‘ನಮ್ಮಲ್ಲಿ ನಾಲ್ಕು ಇಂಚು ಇಪ್ಪತ್ತು ಸೆಂಟು, ನಿಮ್ಮಲ್ಲಿ?’ ಅಂತ ಊರೆಲ್ಲ ಕೇಳಬೇಕು. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟು. ತನಗಿಂತ ಜಾಸ್ತಿ ಯಾರಾದರೂ ಹೇಳಿದರೆ ‘ನಿಮ್ಮ ಮಾಪಕಕ್ಕೆ ಮಾಡಿನ ನೀರು ಬೀಳುತ್ತಿರಬೇಕು’ ಅನ್ನುತ್ತಿದ್ದರು. ಆ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಮಾಪಕ ತುಂಬಿ ಹೊರಗೆ ಹರಿಯುತ್ತಿದೆ. ಬೇರೆಯವರಾದರೆ ಗಾಬರಿಯಾಗುತ್ತಿದ್ದರು. ಇವರು ಡೈರಿಯಲ್ಲಿ ‘ಮಾಪಕ ಕೆಟ್ಟಿದೆ’ ಅಂತ ಬರೆದು ಸಹಿ ಹಾಕಿದರು!

ದೊಡ್ಡಮ್ಮ ಅಷ್ಟರಲ್ಲಿ ಜಾಗದ ದಾಖಲೆ, ಬ್ಯಾಂಕ್ ಪುಸ್ತಕ, ಬಿಪಿ ಮಾತ್ರೆ ಎಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿಟ್ಟಿದ್ದರು. ದೊಡ್ಡಪ್ಪನದು ಒಂದೇ ರಾಗ, ‘ಇದಕ್ಕಿಂತ ಜೋರು ಮಳೆ ನೋಡಿದ್ದೇನೆ, ಈ ಬರೆ ಅಲ್ಲಾಡಲಿಲ್ಲ.’ ಗುಡ್ಡದ ಕಡಿದಾದ ಇಳಿಜಾರಿಗೆ ನಾವು ಬರೆ ಅನ್ನುತ್ತೇವೆ. ಮಗ ಹೇಳಿದ, ಸೊಸೆ ಹೇಳಿದಳು, ಹಸು ಕೂಡ ಹೇಳಿತು ಅಂತ ದೊಡ್ಡಮ್ಮ ಈಗಲೂ ತಮಾಷೆ ಮಾಡುತ್ತಾರೆ, ಕೊಟ್ಟಿಗೆಯಲ್ಲಿ ಅದು ನಿಲ್ಲದೆ ಕೂಗುತ್ತಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡಮ್ಮ ಒಲೆ ಮುಂದಿನಿಂದ ಎದ್ದು ಬಂದು, ‘ರೀ, ತೋಡಿನ ಸದ್ದು ಕಮ್ಮಿಯಾಯಿತಲ್ಲ’ ಅಂದರು. ಮಳೆ ಕಮ್ಮಿಯಾಗಿಲ್ಲ, ಅದೇ ರಭಸ. ತೋಡು, ಅಂದರೆ ಆ ಸಣ್ಣ ಹಳ್ಳ, ಮಾತ್ರ ಇಳಿದಿದೆ, ಬಂದ ನೀರು ಕೆಂಪು ಮಣ್ಣಿನ ಬಣ್ಣ. ಅಂದರೆ ಮೇಲೆ ಎಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿಕೊಂಡಿದೆ. ಕಟ್ಟಿದ್ದು ಒಡೆಯಲೇಬೇಕು. ಆಗ ದೊಡ್ಡಪ್ಪ ಮರುಮಾತಾಡಲಿಲ್ಲ. ಹಸುವಿನ ಹಗ್ಗ ಬಿಚ್ಚಿ, ಕೊಡೆ ಹಿಡಿದು ಹೊರಟೇಬಿಟ್ಟರು. ಚಪ್ಪಲಿ ಮರೆತು. ಸಂಜೆಯ ಹೊತ್ತಿಗೆ ಕೊಟ್ಟಿಗೆ ಇದ್ದ ಜಾಗದಲ್ಲಿ ಮಣ್ಣಿತ್ತು.

ನಾನು ಹೇಳುವುದು ಏನೆಂದರೆ, ದೊಡ್ಡಮ್ಮನ ಕಿವಿ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಅದಕ್ಕೇ ಗುರುತುಗಳನ್ನು ಮೊದಲೇ ಮಾತಾಡಿ ಇಟ್ಟುಕೊಳ್ಳಿ. ತೋಡು ಏಕಾಏಕಿ ಇಳಿದರೆ ಅಥವಾ ಕೆಸರಾದರೆ. ಬರೆಯ ನೆತ್ತಿಯಲ್ಲಿ ಬಿರುಕು ಕಂಡರೆ. ನೆಟ್ಟಗಿದ್ದ ಮರ, ಕಂಬ ವಾಲಿದರೆ. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡರೆ. ಹಿತ್ತಲಲ್ಲಿ ಇಲ್ಲದ ಕಡೆ ಹೊಸ ಒರತೆ ಎದ್ದರೆ. ಇಷ್ಟರಲ್ಲಿ ಒಂದು ಕಂಡರೂ ಹೊರಡುವುದು, ಅಷ್ಟೇ, ಚರ್ಚೆ ಇಲ್ಲ. ಹೊರಡುವುದು ಹಗಲಲ್ಲಿ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ ಜಾರಿದ್ದು, 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲೆ ಕೊಚ್ಚಿಹೋದದ್ದು, ಎರಡೂ ಜನ ಮಲಗಿದ್ದ ಹೊತ್ತು.

ಇನ್ನು ಈ ರೆಡ್ ಅಲರ್ಟ್. ಮಿಲಿಮೀಟರ್ ಲೆಕ್ಕ ನಮ್ಮವರ ತಲೆಗೆ ಹೋಗುವುದಿಲ್ಲ, ಇಂಚಿನಲ್ಲೇ ಹೇಳುತ್ತೇನೆ. ಹವಾಮಾನ ಇಲಾಖೆ ‘ಅತಿ ವಿಪರೀತ ಮಳೆ’ ಅನ್ನುವುದು ಒಂದು ದಿನಕ್ಕೆ 204.4 ಮಿ.ಮೀ. ದಾಟಿದರೆ, ಅಂದರೆ ಎಂಟು ಇಂಚು ಚಿಲ್ಲರೆ. ‘ಅದೇನು ಮಹಾ, ಭಾಗಮಂಡಲದಲ್ಲಿ ಮಾಮೂಲಿ’ ಅಂತೀರಿ, ಗೊತ್ತು. ಆದರೆ ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಎಂಟು ಇಂಚಿಗೆ ಎಂಟು ಲಕ್ಷ. ಹತ್ತು ಎಕರೆ ತೋಟಕ್ಕೆ ಎಂಬತ್ತು. ಈ ನೀರು ಎಲ್ಲಿಂದ ಇಳಿಯುತ್ತದೆ ಅಂತ ನಿಮ್ಮಲ್ಲಿ ಎಷ್ಟು ಜನ ಮಳೆಯಲ್ಲಿ ಕೊಡೆ ಹಿಡಿದು ನಡೆದು ನೋಡಿದ್ದೀರಿ? ಮೊದಲ ನಾಲ್ಕು ಮಳೆಗೇ ನೋಡಬೇಕು. ಹೋಂಸ್ಟೇ ಕಟ್ಟಲಿಕ್ಕೆ ಜೆಸಿಬಿ ತಂದು ಬರೆಯನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದು, ಆ ಮಣ್ಣನ್ನು ಕೆಳಗಿನ ತೋಡಿಗೆ ತಳ್ಳಿದ್ದೇವೆ. 2018ರ ನಂತರ ಬಂದ ಭೂವಿಜ್ಞಾನಿಗಳು ವಿಪರೀತ ಮಳೆಯ ಜೊತೆಗೆ ಈ ಬೆಟ್ಟ ಕಡಿಯುವುದನ್ನೂ ಕಾರಣ ಅಂದರು. ಇಂಗುಗುಂಡಿಯೂ ಹಾಗೆಯೇ, ಬಯಲು ಸೀಮೆಯಲ್ಲಿ ಪುಣ್ಯದ ಕೆಲಸ, ಕಡಿದಾದ ಬರೆಯ ನೆತ್ತಿಯಲ್ಲಿ ಬೇಡ. ಅಲ್ಲಿ ನೀರನ್ನು ಇಂಗಿಸುವುದಲ್ಲ, ಸಾಗಿಸುವುದು.

ಹೊಳೆ ಬದಿಯವರಿಗೆ, ಕುಶಾಲನಗರದ ಬಡಾವಣೆಗಳು, ಕರಡಿಗೋಡು, ನೆಲ್ಯಹುದಿಕೇರಿ, ನಿಮಗೆ ನಿಮ್ಮೂರಿನ ಮಳೆ ಲೆಕ್ಕಕ್ಕಿಲ್ಲ. ಮೇಲೆ ಎಷ್ಟು ಬಿತ್ತು, ಕುಶಾಲನಗರದ ಕಡೆಯವರಿಗಾದರೆ ಹಾರಂಗಿ ಅಣೆಕಟ್ಟೆಯಿಂದ ಎಷ್ಟು ಬಿಟ್ಟರು, ಅದನ್ನು ಕೇಳಿಕೊಳ್ಳಿ. ಜೀಪಿನವರಿಗೂ ಒಂದು ಮಾತು. ಹರಿಯುವ ನೀರು ಎರಡು ಅಡಿ ಇದ್ದರೆ ಫೋರ್ ವೀಲೂ ಇಲ್ಲ, ಮಣ್ಣೂ ಇಲ್ಲ, ಗಾಡಿ ತೇಲುತ್ತದೆ. ಅಲ್ಲಿ ಹಿಂದೆ ಕೂತಿರುವವರು ನಗುವುದು ಬೇಡ, ಯಾರಿಗೆ ಹೇಳಿದ್ದು ಅಂತ ಅವರಿಗೆ ಗೊತ್ತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಗಾಳಿಯ ಬಗ್ಗೆ ಹದಿನೈದು ನಿಮಿಷ ಇಟ್ಟುಕೊಂಡಿದ್ದೆ, ದೊಡ್ಡಪ್ಪ ತಿಂದುಬಿಟ್ಟರು. ಚುಟುಕಾಗಿ ಹೇಳುತ್ತೇನೆ. ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಮಾಡುವಾಗ ಮನೆ ಮೇಲೆ, ಕರೆಂಟ್ ಲೈನ್ ಮೇಲೆ ವಾಲಿದ ಸಿಲ್ವರ್ ಓಕ್ ಮೊದಲು ತೆಗೆಸಿ. ಬಿದ್ದ ತಂತಿ ಮುಟ್ಟಬೇಡಿ, 1912ಕ್ಕೆ ಫೋನ್ ಮಾಡಿ. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ, ಆದ್ದರಿಂದ ಎಲ್ಲಿ ಸೇರುವುದು ಅಂತ ಮನೆಯವರು ಮೊದಲೇ ಮಾತಾಡಿಕೊಂಡಿರಬೇಕು. ಜಿಲ್ಲಾಡಳಿತದ ಸಹಾಯವಾಣಿ 1077.

ಇದೊಂದು ಬಿಡುವುದಿಲ್ಲ, ಎರಡು ನಿಮಿಷ ಕೊಡಿ. ನಿಮ್ಮ ಲೈನ್ ಮನೆಗಳಲ್ಲಿ, ತೋಟದ ಕಾರ್ಮಿಕರ ಸಾಲು ಮನೆಗಳಲ್ಲಿ, ಅಸ್ಸಾಮಿನಿಂದ ಬಂದವರಿದ್ದಾರೆ. ಕನ್ನಡದಲ್ಲಿ ಬರುವ ಮೆಸೇಜು ಅವರಿಗೆ ಓದಲಿಕ್ಕೆ ಬರುವುದಿಲ್ಲ, ಬೆಟ್ಟ ಜಾರುವ ಗುರುತೂ ಗೊತ್ತಿರಲಿಕ್ಕಿಲ್ಲ. ಲೈನ್ ಮನೆ ಬರೆಯ ಬುಡದಲ್ಲಿದ್ದರೆ ಹೊರಡುವ ತೀರ್ಮಾನ ಅವರದಲ್ಲ, ನಿಮ್ಮದು. ಹಿಂದಿಯಲ್ಲಿ ಹೇಳಿ, ಹೋಗುವ ದಾರಿ ನಡೆಸಿ ತೋರಿಸಿ. ನೀವು ಹೊರಡುವಾಗ ಅವರೂ ಜೀಪಿನಲ್ಲಿರಬೇಕು.

ಇನ್ನು ನಿಲ್ಲಿಸುತ್ತೇನೆ. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಶಾಲೆ ಕೆಳಗಿನ ಮೋರಿ ಬಿಡಿಸುವುದು ಅಂತ ಯುವಕ ಸಂಘದವರು ಒಪ್ಪಿದ್ದಾರೆ. ಕತ್ತಿ, ಹಾರೆ, ಗುದ್ದಲಿ ತನ್ನಿ. ಜಿಗಣೆಗೆ ಸುಣ್ಣ, ಹೊಗೆಸೊಪ್ಪು ನಾನು ತರುತ್ತೇನೆ. ಕಡುಬು, ಕಾಫಿ ವ್ಯವಸ್ಥೆ ಅಧ್ಯಕ್ಷರದು, ಈಗಷ್ಟೇ ಅವರಿಗೂ ಗೊತ್ತಾಯಿತು.